ನೋಟಿಸು ಅಂಟಿದ ಕಾರಿನ ನಿಜವಾದ ಬೆಲೆ

ಮೆಲ್ಬರ್ನಿನಲ್ಲಿ ಹಳೆ ಕಾರು ಹುಡುಕುವವರ ಕಣ್ಣು ಒಂದಲ್ಲ ಒಂದು ದಿನ ಮರ್ರೇ ನದಿಯಾಚೆ ಹೊರಳುತ್ತದೆ. ಈಚೆ ದಡದ ವೊಡೊಂಗ ವಿಕ್ಟೋರಿಯಾ ರಾಜ್ಯದ್ದು, ಆಚೆ ದಡದ ಆಲ್ಬರಿ ನ್ಯೂ ಸೌತ್ ವೇಲ್ಸ್‌ನದು. ಸೇತುವೆ ದಾಟಿದೊಡನೆ ಕಾರಿನ ನೋಂದಣಿ, ತಪಾಸಣೆ, ತೆರಿಗೆ ಎಲ್ಲದರ ಕಾನೂನೂ ಬೇರೆ. ಲಾರಿಗಳಂಥ ಭಾರಿ ವಾಹನಗಳಿಗೆ 2014ರಿಂದ ಬಹುತೇಕ ರಾಜ್ಯಗಳಲ್ಲಿ ಒಂದೇ ರಾಷ್ಟ್ರೀಯ ಕಾನೂನಿದೆ. ಮನೆ ಬಳಕೆಯ ಕಾರಿಗೆ ಆ ಅನುಕೂಲವಿಲ್ಲ.

ನಾವು ಕ್ಯಾಮ್ರಿ ಕೊಂಡದ್ದು ಆಚೆ ದಡದಿಂದಲೇ. ಕೇಳಿದ ಬೆಲೆ 8,500 ಡಾಲರ್. ಅದೇ ವಯಸ್ಸಿನ, ಅಷ್ಟೇ ಓಡಿದ ಕಾರಿಗೆ ನಮ್ಮ ಬಡಾವಣೆಯಲ್ಲಿ ಸಾವಿರ ಡಾಲರ್ ಹೆಚ್ಚು ಹೇಳುತ್ತಿದ್ದರು. ಅಗ್ಗದ ಕಾರಣ ಮುಂಗಾಜಿನ ಮೇಲೆ ಅಂಟಿಕೊಂಡೇ ಇತ್ತು: ಹಳದಿ ಚೀಟಿ, ಅಂದರೆ ಡಿಫೆಕ್ಟ್ ನೋಟಿಸ್. ರಸ್ತೆಯಲ್ಲಿ ತಡೆದು ಪರೀಕ್ಷಿಸಿದ ಪೊಲೀಸರು ಎರಡು ಸವೆದ ಟಯರು, ಗಾಜಿನ ಬಿರುಕು, ಎಂಜಿನ್ನಿನಿಂದ ಆಯಿಲ್ ಸೋರಿಕೆ ಎಂದು ಬರೆದುಕೊಟ್ಟಿದ್ದರು. ಹಳದಿಯೆಂದರೆ ಸಣ್ಣ ದೋಷ, ಗಡುವಿನೊಳಗೆ ಸರಿಪಡಿಸಬೇಕು. ಕೆಂಪು ಚೀಟಿಯಾದರೆ ಕಾರನ್ನು ಓಡಿಸುವುದಕ್ಕೇ ತಡೆ. ಅಂಥದನ್ನು ಕೊಂಡವರು ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಮೆಲ್ಬರ್ನಿಗೆ ಟೋ ಮಾಡಿಸಿಕೊಂಡು ಬರಬೇಕು. ಉಳಿಸಿದ ಹಣ ಅಲ್ಲಿಗೇ ಮುಗಿಯುತ್ತದೆ.

"ಅಕ್ಕಾ, ರಿಪೇರಿ ನಾವೇ ಮಾಡಿಸಿದರಾಯಿತು, ಬೆಲೆ ಇನ್ನೂ ಇಳಿಸಿ ಕೇಳಿ" ಎಂದ, ಜೊತೆಗೆ ಬಂದಿದ್ದ ದಾವಣಗೆರೆಯ ಹುಡುಗ. ಈ ಊರಿಗೆ ಹೊಸದಾಗಿ ಬಂದ ನಮ್ಮವರಲ್ಲಿ ಹೆಚ್ಚಿನವರ ಯೋಚನೆ ಹೀಗೇ ಓಡುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ದೋಷ ಸರಿಪಡಿಸುವುದು ಒಂದು ಕೆಲಸ, ನೋಟಿಸು ತೆರವು ಮಾಡಿಸುವುದು ಇನ್ನೊಂದು. ಹೊಸ ಟಯರು ಹಾಕಿಸಿದ ಮಾತ್ರಕ್ಕೆ ದಾಖಲೆಯಲ್ಲಿರುವ ನೋಟಿಸು ಅಳಿಸಿಹೋಗುವುದಿಲ್ಲ. ಎಲ್ಲಿ, ಯಾರಿಂದ ಪರೀಕ್ಷೆ ಮಾಡಿಸಬೇಕೆಂದು ಅದರಲ್ಲೇ ಬರೆದಿರುತ್ತದೆ. ಆ ಪರೀಕ್ಷೆ ಪಾಸಾಗಿ, ನೋಟಿಸು ಕೊಟ್ಟ ರಾಜ್ಯದ ದಾಖಲೆಯಲ್ಲಿ ಅದು ಮುಗಿಯಬೇಕು. ಮಾರುವವನಿಗೆ ಅದು ಊರೊಳಗಿನ ಅರ್ಧ ದಿನದ ಕೆಲಸ, ನಮಗಾದರೆ ಗಡಿಯಾಚೆಗಿನ ಓಡಾಟ. ಗಡುವು ಮೀರಿದರೆ ನೋಂದಣಿಯೇ ಅಮಾನತಾಗಬಹುದು. ರಸ್ತೆಗೆ ಯೋಗ್ಯವಲ್ಲದ ಕಾರೆಂದು ಗೊತ್ತಿದ್ದೂ ಓಡಿಸಿ ಅಪಘಾತವಾದರೆ ವಿಮೆಯವರು ಹಣ ಕೊಡಲು ನಿರಾಕರಿಸಬಹುದು. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕಾರಿನಲ್ಲಿ ಈ ಜೂಜು ಬೇಡ.

ಆದ್ದರಿಂದ ನಾವು ಬೆಲೆಗಿಂತ ಮೊದಲು ಷರತ್ತಿನ ಮಾತಾಡಿದೆವು: ರಿಪೇರಿಯೂ ನಿಮ್ಮದೇ, ತೆರವೂ ನಿಮ್ಮದೇ, ಕಾಗದ ಕಂಡ ಮೇಲೆ ದುಡ್ಡು. ಮೆಕ್ಯಾನಿಕ್ಕಿನಿಂದ ತರಿಸಿದ ಅಂದಾಜು 1,650 ಡಾಲರ್ ಆಗಿತ್ತು. ಮಾರುವವನು ಹಿಂದೆಮುಂದೆ ನೋಡಿ ಒಪ್ಪಿಕೊಂಡ. ಕೊನೆಗೆ 8,200ಕ್ಕೆ ಮಾತು ಮುಗಿಯಿತು. ಹೆಚ್ಚು ಇಳಿಸಲಿಲ್ಲವೆಂದು ಹುಡುಗನಿಗೆ ಬೇಸರವಾಯಿತು, ನನಗಾಗಲಿಲ್ಲ. ಖಾಸಗಿ ಮಾರಾಟದಲ್ಲಿ ಕೊಟ್ಟ ಹಣಕ್ಕೆ ಬೇರೆ ಯಾವ ಕಾವಲೂ ಇರುವುದಿಲ್ಲ. ವಿಕ್ಟೋರಿಯಾದಲ್ಲಿ ಪರವಾನಗಿ ಇರುವ ಡೀಲರು ಹತ್ತು ವರ್ಷದೊಳಗಿನ, 1,60,000 ಕಿಲೋಮೀಟರಿಗಿಂತ ಕಡಿಮೆ ಓಡಿದ ಕಾರಿಗೆ ಮೂರು ತಿಂಗಳು ಅಥವಾ 5,000 ಕಿಲೋಮೀಟರಿನ ವಾರಂಟಿ ಕೊಡಲೇಬೇಕು. ಮನೆಯಂಗಳದಲ್ಲಿ ಕೊಂಡ ಕಾರಿಗೆ ಅದಿಲ್ಲ.

ಸೈಟು ಕೊಳ್ಳುವ ಮೊದಲು ಇ.ಸಿ. ತೆಗೆಸುವಂತೆ ಇಲ್ಲಿ ಪಿಪಿಎಸ್‌ಆರ್ ತೆಗೆಸಬೇಕು. 2012ರಿಂದ ಇರುವ ಈ ರಾಷ್ಟ್ರೀಯ ದಾಖಲೆಯಲ್ಲಿ ಎರಡು ಡಾಲರಿಗೆ ಕಾರಿನ ಮೇಲಿನ ಸಾಲ, ಕಳವು, ಅಪಘಾತದಲ್ಲಿ 'ರೈಟ್-ಆಫ್' ಆಗಿದ್ದರೆ ಅದು, ಎಲ್ಲ ಸಿಗುತ್ತದೆ. ಆದರೆ ಗಮನಿಸಿ, ಡಿಫೆಕ್ಟ್ ನೋಟಿಸಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಚೀಟಿಯನ್ನು ಕಿತ್ತುಹಾಕಿದ್ದರೆ ಕಣ್ಣಿಗೂ ಕಾಣದು. ಆದ್ದರಿಂದ ಕಾರು ಯಾರ ಹೆಸರಿನಲ್ಲಿದೆಯೋ ಅವರಿಂದಲೇ ನೋಂದಣಿ ಕಚೇರಿಯಲ್ಲಿ ವಿಚಾರಣೆ ಮಾಡಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ವಿಕ್ಟೋರಿಯಾದಲ್ಲಿ ಹೊಸದಾಗಿ ನೋಂದಾಯಿಸಲು ಇಲ್ಲಿಯದೇ ರೋಡ್‌ವರ್ದಿ ಪ್ರಮಾಣಪತ್ರ ಬೇಕು. ಅದರ ಆಯುಸ್ಸು 30 ದಿನ. ಆಲ್ಬರಿಯ ತೆರವು ಕಾಗದ ಅದಕ್ಕೆ ಬದಲಿಯಲ್ಲ. ನಮ್ಮ ಕಾರಿಗೆ ಇಲ್ಲಿ ಬ್ರೇಕ್ ಪ್ಯಾಡ್ ಬದಲಿಸಬೇಕಾಯಿತು. ಈ ಪರೀಕ್ಷೆಯೂ ಸುರಕ್ಷತೆಯನ್ನಷ್ಟೇ ನೋಡುತ್ತದೆ. ಎಂಜಿನ್ನು, ಗೇರ್‌ಬಾಕ್ಸು ಇನ್ನೆಷ್ಟು ಕಾಲ ಬಾಳುತ್ತವೆಂದು ತಿಳಿಯಲು ಸ್ವತಂತ್ರ ಮೆಕ್ಯಾನಿಕ್ಕಿಗೆ ಬೇರೆ ಹಣ ಕೊಡಬೇಕು. ಅದು ಕೊಂಡ ಮೇಲಲ್ಲ, ಕೊಳ್ಳುವ ಮೊದಲು.

ಆಮೇಲೆ ತೆರಿಗೆ. ಹಳೆ ಕಾರಿಗೆ ಪ್ರತಿ 200 ಡಾಲರಿಗೆ 8.40 ಡಾಲರ್, 8,200ಕ್ಕೆ 344.40 ಡಾಲರ್ ಆಯಿತು. ಕೊಟ್ಟ ಬೆಲೆ, ಮಾರುಕಟ್ಟೆ ಬೆಲೆ ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಇದರ ಲೆಕ್ಕ. ಆದ್ದರಿಂದ ರಸೀತಿಯಲ್ಲಿ ಬೆಲೆ ಕಡಿಮೆ ಬರೆಸಿ ಉಳಿಸುತ್ತೇನೆಂಬುದು ತಪ್ಪು, ಅಪರಾಧವೂ ಹೌದು.

"ರೆಜೊ ಇನ್ನೂ ಏಳು ತಿಂಗಳಿದೆ" ಎಂದು ಜಾಹೀರಾತಿನಲ್ಲಿ ದೊಡ್ಡದಾಗಿ ಬರೆದಿತ್ತು. ಆಚೆ ರಾಜ್ಯದ ಆ ನೋಂದಣಿ ಗಡಿ ದಾಟಿ ನಮ್ಮ ಹೆಸರಿಗೆ ಬರುವುದಿಲ್ಲ. ನಂಬರ್ ಪ್ಲೇಟು ಒಪ್ಪಿಸಿದ ಮೇಲೆ ಉಳಿದ ಅವಧಿಯ ಹಣ ಅಲ್ಲಿನ ದಾಖಲೆಯಲ್ಲಿ ಹೆಸರಿರುವವರಿಗೆ ಮರಳುತ್ತದೆ. ಹಾಗಾಗಿ ಆ ಏಳು ತಿಂಗಳಿಗೆಂದು ಬೆಲೆ ಏರಿಸಿದ್ದರೆ ಅಷ್ಟನ್ನು ಕಳೆದೇ ಮಾತಾಡಿ.