ಲಿಂಕ್ಡ್‌ಇನ್‌ನಲ್ಲಿ ಪರಿಚಯ ಬೆಳೆಸುವ ಬಗೆ: ಬೂದಿಕೋಟೆಯಿಂದ ಒಂದು ಪಾಠ



ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ಇದ್ದ ಕಾಲದಲ್ಲಿ ಬೆಳೆಗಾರನಿಗೆ ಕೊಳ್ಳುವವನ ಮುಖಪರಿಚಯ ಬೇಕಾಗಿರಲಿಲ್ಲ. ಚೀಲಗಳು ಕ್ಯೂರಿಂಗ್ ವರ್ಕ್ಸ್ ಸೇರಿದರೆ ಮುಂದಿನದನ್ನು ಮಂಡಳಿಯೇ ನೋಡಿಕೊಳ್ಳುತ್ತಿತ್ತು. ಹಣ ಕಂತುಕಂತಾಗಿ ಬರುತ್ತಿತ್ತು. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಆದರೆ ನಮ್ಮಲ್ಲಿ ಹಲವರ ಪರಿಚಯ ಮಾತ್ರ ಇಂದಿಗೂ ಹತ್ತಿರದ ಪೇಟೆಯ ಇಬ್ಬರು ಮೂವರು ವ್ಯಾಪಾರಿಗಳಲ್ಲೇ ನಿಂತಿದೆ. ಒಂದು ವರ್ಷ ಅವರು ಕೊಳ್ಳುವುದನ್ನು ನಿಲ್ಲಿಸಿದಾಗ ನಾವು ಪಾರ್ಚ್‌ಮೆಂಟ್ ಚೀಲಗಳನ್ನು ಮಳೆಗಾಲದವರೆಗೆ ಗೋದಾಮಿನಲ್ಲಿಟ್ಟುಕೊಂಡು ಕುಳಿತದ್ದುಂಟು. ಕಾಫಿಯ ಬಣ್ಣ ಮಾಸಿತು, ಬೆಲೆಯೂ ಇಳಿಯಿತು. ವಿಚಾರಿಸಲು ನಾಲ್ಕನೆಯ ಹೆಸರು ನಮಗೆ ಗೊತ್ತಿರಲಿಲ್ಲ.

ಆದಕಾರಣ ಲಿಂಕ್ಡ್‌ಇನ್ ಎಂಬ ವೃತ್ತಿಪರರ ಜಾಲತಾಣದ ಬಗ್ಗೆ ಇಲ್ಲಿ ಬರೆಯುತ್ತಿದ್ದೇವೆ. ಇದು 2003ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಪ್ರಾರಂಭವಾಯಿತು. ಸುಮಾರು ಅದೇ ಸಮಯದಲ್ಲಿ, ಹೈದರಾಲಿಯ ಹುಟ್ಟೂರೆಂದು ಹೆಸರಾದ ಬಂಗಾರಪೇಟೆ ತಾಲೂಕಿನ ಬೂದಿಕೋಟೆಯಲ್ಲಿ ಇನ್ನೊಂದು ಜಾಲ ಹುಟ್ಟಿತು. ಅದೇ ‘ನಮ್ಮ ಧ್ವನಿ’. ಮೈರಾಡ, ವಾಯ್ಸಸ್ ಮತ್ತು ಯುನೆಸ್ಕೊ ಸಂಸ್ಥೆಗಳ ನೆರವಿನಿಂದ ಅಲ್ಲಿನ ಸ್ವಸಹಾಯ ಸಂಘಗಳ ಮಹಿಳೆಯರು ಮೈಕು ಹಿಡಿದು ತಮ್ಮೂರಿನ ಕಾರ್ಯಕ್ರಮಗಳನ್ನು ತಾವೇ ತಯಾರಿಸಿದರು. ಗಾಳಿಯಲೆಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿತ್ತು. ಆದರೆ 2002ರ ಕೊನೆಗೆ ಸರ್ಕಾರ ಸಮುದಾಯ ಬಾನುಲಿಗೆ ಅನುಮತಿ ಕೊಟ್ಟಾಗ ಅದು ವಿದ್ಯಾಸಂಸ್ಥೆಗಳಿಗೆ ಮಾತ್ರ ಸೀಮಿತವಾಗಿತ್ತು. ಸ್ವಯಂಸೇವಾ ಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರ ನವೆಂಬರಿನಲ್ಲಿ. ಬೂದಿಕೋಟೆಯವರು ಅಲ್ಲಿಯವರೆಗೆ ಕಾಯಲಿಲ್ಲ. ಟಿ.ವಿ. ಕೇಬಲ್ಲಿನ ತಂತಿಯಲ್ಲೇ ಧ್ವನಿಯನ್ನು ಮನೆಮನೆಗೆ ಕಳಿಸಿದರು.

ಇಲ್ಲಿ ಗಮನಿಸತಕ್ಕದ್ದು ಏನೆಂದರೆ, ತಂತಿ ಬರುವುದಕ್ಕೆ ಮುಂಚೆ ಸಂಘವಿತ್ತು. ಒಬ್ಬರನ್ನೊಬ್ಬರು ನಂಬಿ ಸಾಲ ಕೊಟ್ಟು ಮರುಪಾವತಿ ಪಡೆಯುತ್ತಿದ್ದ ಹೆಂಗಸರು ಮೊದಲು, ಯಂತ್ರ ಆಮೇಲೆ. ಲಿಂಕ್ಡ್‌ಇನ್‌ನಲ್ಲಿ ನಮ್ಮ ಮಕ್ಕಳು ಮಾಡುವ ತಪ್ಪು ಇದರ ತಿರುಗುಮುರುಗು. ಕಂಡ ಕಂಡವರಿಗೆಲ್ಲ ಕೋರಿಕೆ ಕಳಿಸಿ ಐನೂರು ಹೆಸರು ಕೂಡಿಸುತ್ತಾರೆ. ಒಬ್ಬರಿಗೂ ಇವರು ಯಾರೆಂದು ಗೊತ್ತಿರುವುದಿಲ್ಲ.

ಹಾಗೆಂದು ನೆಂಟರಿಷ್ಟರಷ್ಟೇ ಸಾಕು ಎಂದೂ ತಿಳಿಯಬಾರದು. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಎಷ್ಟೋ ಜನ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರತೊಡಗಿದರು. ಅಂಥವರಿಗೆ ಹೊಸ ಕೆಲಸದ ಸುದ್ದಿ ಮನೆಯಲ್ಲಿ ಸಿಗುತ್ತದೆಯೇ? ಮನೆಯವರಿಗೆ ಗೊತ್ತಿರುವುದು ತಮಗೂ ಗೊತ್ತಿರುತ್ತದೆ. ಗೊತ್ತಿಲ್ಲದ ಸುದ್ದಿ ಬರುವುದು ಎದುರು ಸೀಟಿನವನಿಂದ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ತೋರಿಸಿದ್ದು ಇದನ್ನೇ (ನಮ್ಮ ಕ್ಯಾಂಪ್ಕೊ ಹುಟ್ಟಿದ ವರ್ಷವೂ ಅದೇ). ಪರಿಚಯಸ್ಥರ ಮೂಲಕ ಕೆಲಸ ಪಡೆದವರನ್ನು ಅವರು ವಿಚಾರಿಸಿದಾಗ, ಪದೇ ಪದೇ ಭೇಟಿಯಾಗುವವರಿಂದ ಸುದ್ದಿ ಪಡೆದವರು ಶೇಕಡಾ 17ರಷ್ಟು ಮಾತ್ರ. ಆಗೊಮ್ಮೆ ಈಗೊಮ್ಮೆ ಕಾಣುವವರಿಂದ ಪಡೆದವರು ಶೇಕಡಾ 56ರಷ್ಟು. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೂ, ತೀರ ಹತ್ತಿರದವರಿಗಿಂತ ಒಂದಷ್ಟು ದೂರದ ಪರಿಚಯದವರೇ ಕೆಲಸ ಬದಲಾವಣೆಗೆ ಹೆಚ್ಚು ಒದಗುತ್ತಾರೆಂದು ಕಂಡುಕೊಂಡಿತು. ಕಾಫಿ ಮಾರುವವನಿಗೂ ಇದು ಅನ್ವಯಿಸುತ್ತದೆಂಬುದು ನಮ್ಮ ಅಭಿಪ್ರಾಯ.

ಇನ್ನು ಕೆಲಸದ ಕ್ರಮ. ಹೆಸರಿನ ಕೆಳಗಿನ ಸಾಲಿನಲ್ಲಿ ‘ಕೃಷಿಕ’ ಎಂದಷ್ಟೇ ಬರೆದರೆ ಯಾರೂ ಹುಡುಕಿಕೊಂಡು ಬರುವುದಿಲ್ಲ. ತೋಟ ಯಾವ ಊರಿನಲ್ಲಿದೆ, ಸಮುದ್ರಮಟ್ಟದಿಂದ ಎಷ್ಟು ಎತ್ತರ, ಅರೇಬಿಕಾವೋ ರೋಬಸ್ಟಾವೋ, ಯಾವ ತಳಿ, ಪಾರ್ಚ್‌ಮೆಂಟೋ ಚೆರಿಯೋ ಎಂಬುದನ್ನು ಇಂಗ್ಲಿಷಿನಲ್ಲಿ ಮಕ್ಕಳಿಂದಲಾದರೂ ಬರೆಯಿಸಿ. ಮೊದಲು ನಿಜವಾಗಿ ಬಲ್ಲವರನ್ನು ಸೇರಿಸಿಕೊಳ್ಳಿ: ಕಾಲೇಜಿನ ಸಹಪಾಠಿಗಳು, ಕ್ಯೂರಿಂಗ್ ವರ್ಕ್ಸ್‌ನವರು, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ಕಂಡು ಮಾತನಾಡಿಸಿದವರು. ಅವರ ಪರಿಚಯದವರನ್ನು ತಾಣವು ಎರಡನೆಯ ಸುತ್ತಿನವರೆಂದು ತೋರಿಸುತ್ತದೆ. ಕಾಫಿ ಹುರಿಯುವವರು, ರಫ್ತುದಾರರು ಇರುವುದು ಹೆಚ್ಚಾಗಿ ಅಲ್ಲಿಯೇ. ಅಂಥವರಿಗೆ ಬರಿ ಕೋರಿಕೆ ಕಳಿಸದೆ, ಯಾರ ಮೂಲಕ ಅವರ ಹೆಸರು ತಿಳಿಯಿತು, ಏಕೆ ಬರೆಯುತ್ತಿದ್ದೀರಿ ಎಂದು ಎರಡು ಸಾಲು ಸೇರಿಸಿ. ಮೊದಲ ಪತ್ರದಲ್ಲೇ ಬೆಲೆ ಕೇಳಬೇಡಿ. ಮನೆಗೆ ಬಂದವನು ಕಾಲು ತೊಳೆಯುವ ಮುಂಚೆ ಸಾಲ ಕೇಳಿದ ಹಾಗಾದೀತು. ಹೂಮಳೆ ಯಾವಾಗ ಬಿತ್ತು, ಕಾಯಿಕೊರಕದ ಹಾವಳಿ ಹೇಗಿದೆ ಎಂದು ತಿಂಗಳಿಗೊಮ್ಮೆ ಚಿತ್ರಸಮೇತ ಬರೆಯುತ್ತಿದ್ದರೆ ಕೇಳುವವರು ತಾವಾಗಿ ಕೇಳುತ್ತಾರೆ.

ಮೋಸಗಾರರೂ ಅಲ್ಲಿದ್ದಾರೆ. ರಫ್ತುದಾರನೆಂದು ಹೇಳಿಕೊಳ್ಳುವವನು ಕಾಫಿ ಮಂಡಳಿಯ ನೋಂದಣಿ ತೋರಿಸದ ಹೊರತು ಚೀಲ ಕಳಿಸಬಾರದು. ಮಾದರಿ ಕಾಫಿಯನ್ನೇನೋ ಕಳಿಸಬಹುದು. ಮುಂಗಡವಾಗಿ ‘ಶುಲ್ಕ’ ಕೇಳುವವನೊಡನೆ ಮಾತೇ ಬೇಡ.

ಅಡಿಕೆಯವರು ಈ ತಾಣದಿಂದ ಸದ್ಯಕ್ಕೆ ಹೆಚ್ಚಿನದನ್ನು ನಿರೀಕ್ಷಿಸುವಂತಿಲ್ಲ. ಅವರ ವ್ಯಾಪಾರ ನಡೆಯುವುದು ಮಂಡಿಯಲ್ಲಿ ಮತ್ತು ಸಹಕಾರಿ ಸಂಸ್ಥೆಗಳಲ್ಲಿ. ಆದರೆ ನೌಕರಿ ಹುಡುಕುವ ಮಕ್ಕಳಿಗೆ ಮೇಲಿನ ಮಾತೆಲ್ಲ ಸಲ್ಲುತ್ತದೆ. ಖಾತೆ ತೆರೆಯಲು ನೆರವು ಬೇಕಾದವರು ಶನಿವಾರ ಮಧ್ಯಾಹ್ನ ಸಂಘದ ಕಚೇರಿಗೆ ಬರಬಹುದು. ಬರುವಾಗ ತೋಟದ ಒಂದೆರಡು ಒಳ್ಳೆಯ ಭಾವಚಿತ್ರಗಳನ್ನೂ ಹಿಂದಿನ ಎರಡು ಹಂಗಾಮಿನ ಔಟ್‌ಟರ್ನ್ ಚೀಟಿಗಳನ್ನೂ ತರತಕ್ಕದ್ದು.