ಕೆನಾಲ್, ಚಾನೆಲ್, ನಾಲೆ: ಒಂದು ಪದಪಾಠದ ಅನುಭವ

ಬೋಧನಾಭ್ಯಾಸಕ್ಕೆ ನಾನು ಹೋಗಿದ್ದು ಮಂಡ್ಯ ಜಿಲ್ಲೆಯ ಒಂದು ಪ್ರೌಢಶಾಲೆಗೆ. ಒಂಬತ್ತನೇ ತರಗತಿಯ ಇಂಗ್ಲಿಷ್ ಪಾಠದಲ್ಲಿ ‘ಕೆನಾಲ್’, ‘ಚಾನೆಲ್’ ಎರಡೂ ಪದಗಳು ಬಂದವು. ಕಪ್ಪುಹಲಗೆಯನ್ನು ಎರಡು ಭಾಗ ಮಾಡಿ, ‘ಮನುಷ್ಯರು ತೋಡಿದ್ದು ಕೆನಾಲ್, ತಾನಾಗಿ ಆದದ್ದು ಚಾನೆಲ್’ ಎಂದು ಬರೆದೆ. ಒಂದಕ್ಕೆ 1869ರಲ್ಲಿ ಸಂಚಾರಕ್ಕೆ ತೆರೆದ ಸೂಯೆಜ್ ಕೆನಾಲ್, ಇನ್ನೊಂದಕ್ಕೆ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಇಂಗ್ಲಿಷ್ ಚಾನೆಲ್ ಉದಾಹರಣೆ ಕೊಟ್ಟೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ನಮ್ಮಪ್ಪ ಗದ್ದೆಗೆ ನೀರು ಕಟ್ಟೋಕೆ ಚಾನಲ್ ಹತ್ರ ಹೋಗ್ತೀನಿ ಅಂತಾರೆ. ಅದನ್ನೂ ಜನಾನೇ ತೋಡಿರೋದಲ್ವಾ?”

ನನಗೆ ಉತ್ತರ ತೋಚಲಿಲ್ಲ. “ಅದು ಹಳ್ಳಿಯವರ ತಪ್ಪು ಬಳಕೆ” ಎಂದುಬಿಟ್ಟೆ. ಅವಳು ತಲೆ ತಗ್ಗಿಸಿ ಕುಳಿತಳು. ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: “ತಪ್ಪು ಯಾರದು? ನಿಘಂಟು ನೋಡಿ.”

ನೋಡಿದೆ. ಎರಡೂ ಪದಗಳ ಮೂಲ ಲ್ಯಾಟಿನ್‌ನ ‘ಕನಾಲಿಸ್’. ಕೊಳವೆ, ತೋಡು ಎಂದು ಅದರ ಅರ್ಥ. ಅದಕ್ಕೂ ಹಿಂದಿನದು ‘ಕನ್ನಾ’, ಅಂದರೆ ಟೊಳ್ಳು ದಂಟಿನ ಜೊಂಡು. ‘ಚಾನೆಲ್’ ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಮೊದಲು ಬಂತು, ‘ಕೆನಾಲ್’ ಆಮೇಲೆ. ನದಿಯ ಪಾತ್ರ, ಜಲಸಂಧಿ, ಹೊಲಕ್ಕೆ ನೀರು ಹಾಯಿಸಲು ತೋಡಿದ ಕಾಲುವೆ ಎಲ್ಲವೂ ಚಾನೆಲ್ಲೇ. ಕೆನಾಲ್ ಎಂಬುದು ಕಿವಿಯೊಳಗೂ ಹಲ್ಲಿನ ಬೇರಿನೊಳಗೂ ಇದೆ; ಅವನ್ನು ಯಾರೂ ತೋಡಿಲ್ಲ. ಹುಡುಗಿಯ ತಂದೆಯ ಮಾತು ಸರಿಯಾಗಿತ್ತು.

ಮರುದಿನ ನನ್ನ ಹಳೆಯ ವಾಕ್ಯವನ್ನೇ ಹಲಗೆಯ ಮೇಲೆ ಬರೆದು, ಮಕ್ಕಳೆದುರಿಗೇ ಹೊಡೆದುಹಾಕಿದೆ. “ನಿನ್ನೆ ತಪ್ಪಿದ್ದು ನಾನು. ಇವರ ತಂದೆಯಲ್ಲ” ಎಂದೆ. ಪರಂಗಿ ಎಲೆಯ ದಂಟಿನೊಳಗೆ ನೀರು ಸುರಿದು ತೋರಿಸಿ, ಅಲ್ಲಿಂದ ಕಾಲುವೆಗೆ, ಟಿ.ವಿ. ಚಾನೆಲ್ಲಿಗೆ, ಕಚೇರಿ ಅರ್ಜಿಯ ‘ಪ್ರಾಪರ್ ಚಾನೆಲ್’ವರೆಗೆ ಬಂದೆವು. ಎಲ್ಲದರಲ್ಲೂ ಏನೋ ಒಂದು ಹರಿದು ಹೋಗುವ ದಾರಿ ಇದೆ. ಸಂಸ್ಕೃತದ ‘ನಾಳ’ ಎಂದರೂ ತಾವರೆಯಂಥ ಗಿಡದ ಟೊಳ್ಳು ದಂಟು, ಕೊಳವೆ. ನಮ್ಮ ‘ನಾಲೆ’ ಅದರ ಬಳಗದ್ದು ಎಂದೆ.

ಆಗ ಅದೇ ಹುಡುಗಿ ಕೇಳಿದಳು: “ಸರ್, ವಿ.ಸಿ. ಅಂದ್ರೆ ವಿಶ್ವೇಶ್ವರಯ್ಯ ಕೆನಾಲ್ ಅಲ್ವಾ? ಹಂಗಾದ್ರೆ ವಿ.ಸಿ. ನಾಲೆ ಅಂದ್ರೆ ಎರಡು ಸಲ ನಾಲೆ ಅಂದಂಗಾಯ್ತು!” ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ.

ಈಗ ನನ್ನ ಪಾಠಯೋಜನೆಯಲ್ಲಿ ನಿಯಮ ಕೊನೆಗೆ ಬರುತ್ತದೆ. ಮೊದಲ ಹಂತ, ‘ಈ ಪದವನ್ನು ನಿಮ್ಮ ಮನೆಯಲ್ಲಿ ಹೇಗೆ ಬಳಸುತ್ತಾರೆ?’ ಎಂಬ ಪ್ರಶ್ನೆ.