ರಿಸಲ್ಟಿಗೆ ಮುಂಚೆ ನಾಡಕಚೇರಿಗೆ ಹೋಗಿ
ದ್ವಿತೀಯ ಪಿಯುಸಿ ಮುಗಿಸುತ್ತಿರುವ ನಂಜನಗೂಡು, ತಿ. ನರಸೀಪುರದ ಮಕ್ಕಳೇ, ಡಿಗ್ರಿ ಅಂದರೆ ಮೈಸೂರೇ ಆಗಬೇಕೆಂದಿಲ್ಲ. ನಿಮ್ಮೂರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೂ ಒಮ್ಮೆ ಹೋಗಿ, ಯಾವ ವಿಷಯಕ್ಕೆ ಮೇಷ್ಟ್ರಿದ್ದಾರೆ ಎಂದು ಸೀನಿಯರ್‌ಗಳನ್ನೇ ಕೇಳಿ. ಮೈಸೂರು ಬಸ್ಸಿನಲ್ಲಿ ನೇತಾಡುವ ಹೊತ್ತು ಓದಿಗೆ ಉಳಿದೀತು. (ಶಕ್ತಿ ಯೋಜನೆ ಬಂದ 2023ರಿಂದ ಹುಡುಗಿಯರಿಗೆ ಟಿಕೆಟ್ ದುಡ್ಡಿಲ್ಲ, ನಿಜ, ಸೀಟೂ ಇರುವುದಿಲ್ಲ!)

ಕಾಲೇಜು ಯಾವುದಾದರೂ ಸರಿ, ಜಾತಿ, ಆದಾಯ ಪ್ರಮಾಣಪತ್ರಕ್ಕೆ ರಿಸಲ್ಟ್ ಬರುವವರೆಗೆ ಕಾಯಬೇಡಿ. ಆಮೇಲೆ ನಾಡಕಚೇರಿಯಲ್ಲಿ ಜಾತ್ರೆ. ಆ ಪತ್ರದ ಮೇಲಿನ ಆರ್‌ಡಿ ಸಂಖ್ಯೆಯೇ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿಗೆ ಬೇಕಾಗುವುದು. ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಒಂದೇ ಇರಲಿ. ಇನಿಷಿಯಲ್ ಹಿಂದುಮುಂದಾದರೂ ಅಲೆದಾಟ ತಪ್ಪದು. ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲೇ ವಿಚಾರಿಸಿ. ಡಿಗ್ರಿ ಕಾಲೇಜಿಗೆ ಟಿ.ಸಿ. ಕೊಡುವ ಮುನ್ನ ಅದರ ನಾಲ್ಕು ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ.